ಬೀರುವಿನೊಳಗಿನ ಅನಕೃ

ನಾವು ಓದುವಾಗ ನಮ್ಮ ಪ್ರೌಢಶಾಲೆಯ ಗ್ರಂಥಾಲಯ ಎಂದರೆ ಸ್ಟಾಫ್ ರೂಮಿನ ಮೂಲೆಯ ಎರಡು ಬೀರು. 8ನೇ ತರಗತಿಯಲ್ಲಿ ಅಲ್ಲಿಂದ ತಂದ ‘ಸಂಧ್ಯಾರಾಗ’ವನ್ನು ನನಗಿಂತ ಮೊದಲು ಮುಗಿಸಿದವರು ನಮ್ಮಪ್ಪ. ಅವರು ಶಾಲೆಗೆ ಹೋದದ್ದು 7ನೇ ತರಗತಿವರೆಗೆ ಮಾತ್ರ. ಅದೇ ಕಥೆ 1966ರಲ್ಲಿ ರಾಜಕುಮಾರ್ ಸಿನಿಮಾ ಆದದ್ದನ್ನೂ ಅವರೇ ಹೇಳಿ, “ಅನಕೃದು ಇನ್ನೊಂದು ಇದ್ರೆ ತಗೊಂಡ್ ಬಾ” ಎಂದರು. ಬೀರುವಿನಲ್ಲಿ ‘ನಗ್ನಸತ್ಯ’ ಇತ್ತು. ಕೇಳಿದೆ. ಮೇಷ್ಟ್ರು ಮುಖ ನೋಡಿ, “ಅದು ನಿನಗಲ್ಲ ಕಣೋ” ಎಂದು ಬೀಗ ಹಾಕಿದರು. ಅಪ್ಪನಿಗೆ ಎಂದರೂ ನಂಬಲಿಲ್ಲ.

ಆ ಬೀಗದ ವಿಷಯದಲ್ಲಿ ಅನಕೃ ಎಂದೋ ಜಗಳವಾಡಿದ್ದರು ಎಂದು ತಿಳಿದದ್ದು ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದ ಮೇಲೆ.

ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಹುಟ್ಟಿದ್ದು 1908ರಲ್ಲಿ, ಕೋಲಾರದಲ್ಲಿ. 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಪ್ರಗತಿಶೀಲ ಲೇಖಕರು ಸಮ್ಮೇಳನ ಸೇರಿದ್ದರು. ಆ ಗಾಳಿ 1940ರ ದಶಕದಲ್ಲಿ ಕನ್ನಡದಲ್ಲಿ ಬೀಸಿದಾಗ ಮುಂದೆ ನಿಂತವರು ಅನಕೃ. ತರಾಸು, ನಿರಂಜನ, ಕಟ್ಟೀಮನಿ, ಚದುರಂಗ ಇದೇ ಹಾದಿಯವರು. ಬಡವರ, ತುಳಿತಕ್ಕೆ ಸಿಕ್ಕವರ ಬದುಕನ್ನು ಇದ್ದಂತೆ ಬರೆಯಬೇಕು, ಅದು ಸಾಮಾನ್ಯರಿಗೂ ಮುಟ್ಟಬೇಕು ಎಂಬುದು ಅವರ ಹಟ.

‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಈ ಮೂರೂ ವೇಶ್ಯಾವೃತ್ತಿಯ ಕುರಿತ ಕಾದಂಬರಿಗಳು. ಅಶ್ಲೀಲ ಎಂಬ ಗದ್ದಲವೆದ್ದಿತು. ಅನಕೃ ಸುಮ್ಮನಿರಲಿಲ್ಲ, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ವಿಮರ್ಶಾ ಗ್ರಂಥವನ್ನೇ ಬರೆದು ಉತ್ತರಿಸಿದರು. ನನಗೂ ಅನ್ನಿಸುವುದಿದೆ: ಹಳಗನ್ನಡ ಕಾವ್ಯದ ಶೃಂಗಾರವನ್ನು ಪರೀಕ್ಷೆಗೆ ಓದಿಸುತ್ತೇವೆ, ಮೈ ಮಾರಿಕೊಳ್ಳಬೇಕಾದ ಹೆಂಗಸಿನ ಕಷ್ಟ ಬರೆದರೆ ಬೀಗ ಹಾಕುತ್ತೇವೆ!

ಪಿ.ಜಿ. ರೂಮಿನಲ್ಲಿ ಕೂತು ಮೂರನ್ನೂ ಓದಿದೆ. ಮೇಷ್ಟ್ರು ಹೆದರಿದಂಥದ್ದೇನೂ ನನಗೆ ಕಾಣಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು. ನಿಜ ಹೇಳಬೇಕೆಂದರೆ, ಪಾತ್ರಗಳು ಅಲ್ಲಲ್ಲಿ ಭಾಷಣಕ್ಕಿಳಿಯುತ್ತವೆ. ನೂರಕ್ಕೂ ಮಿಕ್ಕಿ ಪುಸ್ತಕ ಬರೆದವರ ಅವಸರ ಎದ್ದು ಕಾಣುತ್ತದೆ. 1960ರ ಮಣಿಪಾಲ ಸಮ್ಮೇಳನದ ಅಧ್ಯಕ್ಷರಾದ ಇವರನ್ನು ನವ್ಯದವರು ‘ಜನಪ್ರಿಯ’ ಎಂದು ಪಕ್ಕಕ್ಕಿಟ್ಟರು. ಆದರೆ 7ನೇ ತರಗತಿಗೆ ಶಾಲೆ ಬಿಟ್ಟವರ ಕೈಗೆ ಪುಸ್ತಕ ಹಿಡಿಸುವುದು ಸಣ್ಣ ಕೆಲಸವೇ? 1971ರಲ್ಲಿ ತೀರಿಕೊಂಡ ಅನಕೃ ನಮ್ಮಪ್ಪನಂಥವರನ್ನು ಆಮೇಲೂ ಓದಿಸುತ್ತಲೇ ಇದ್ದರು.

ಸುವರ್ಣ ಮಹೋತ್ಸವದ ಸಭೆಗೆ ಬಂದಾಗ ಆ ಬೀರು ತೆಗೆಸಿದೆ. ‘ಸಂಧ್ಯಾರಾಗ’ದ ರಟ್ಟು ಕಿತ್ತುಹೋಗಿತ್ತು, ‘ನಗ್ನಸತ್ಯ’ಕ್ಕೆ ಗೆದ್ದಲು ಹಿಡಿದಿತ್ತು. ನಾಲ್ಕು ಪುಸ್ತಕಗಳನ್ನೂ ಹುಡುಕಿ ತಂದು ಶಾಲೆಗೆ ಕೊಟ್ಟಿದ್ದೇನೆ. ಅಪ್ಪನಿಗೂ ಒಂದು ಸೆಟ್ ಕೊಟ್ಟೆ. ಕನ್ನಡಕ ಏರಿಸಿಕೊಂಡು ಈಗ ‘ಶನಿಸಂತಾನ’ದಲ್ಲಿದ್ದಾರೆ. ಗುರುಗಳಲ್ಲಿ ಒಂದು ವಿನಂತಿ: ವಾರಕ್ಕೊಂದು ಸಂಜೆ ಬೀರು ತೆರೆದು, ಊರಿನ ದೊಡ್ಡವರಿಗೂ ಪುಸ್ತಕ ಕೊಡಿ.