ಸೊನ್ನೆಯಿಂದ ಒಂದು ಕಳೆದರೆ: ಪೋಕೆಮಾನ್ ಚೀಟ್ ಕೋಡುಗಳ ಕತೆ

82025840 0044.

ಈ ನಂಬರು ನೋಡಿದ ಕೂಡಲೇ ನಗು ಬಂದರೆ ನೀವು ನಮ್ಮ ಕಾಲದವರು. ಬಾರದಿದ್ದರೂ ಪರವಾಗಿಲ್ಲ, ಮುಂದೆ ಓದಿ. ಹೊಳೆನರಸೀಪುರದಲ್ಲಿ ನಾನು ಹೈಸ್ಕೂಲು ಓದುವಾಗ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇಂಥ ನಂಬರುಗಳೇ ತುಂಬಿದ್ದವು. ಮೇಷ್ಟ್ರು ಒಮ್ಮೆ ನೋಡಿ, ಯಾರದೋ ಫೋನ್ ನಂಬರು ಅಂದುಕೊಂಡು ಕಿವಿ ಹಿಂಡಿದ್ದರು.

ಅದು ಫೋನ್ ನಂಬರಲ್ಲ, ‘ಪೋಕೆಮಾನ್ ಫೈರ್‌ರೆಡ್’ ಎಂಬ ಆಟದ ಚೀಟ್ ಕೋಡ್. ಅದನ್ನು ಹಾಕಿದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಯಾಕೆ ಹಾಗಾಗುತ್ತದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಒಂದು ಸಲ ಬೆಲೆ ತೆತ್ತೆ. ಅದಕ್ಕೇ ಈ ಕತೆ.

ಆಟ ನಮ್ಮೂರಿಗೆ ಬಂದದ್ದು

ಪೋಕೆಮಾನ್ ಮೊದಲು ಬಂದದ್ದು 1996ರ ಫೆಬ್ರವರಿ 27ರಂದು, ಜಪಾನಿನಲ್ಲಿ. ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರದಲ್ಲಿ ಆಡುವ ಆಟ. ಒಬ್ಬ ಹುಡುಗ ಮನೆ ಬಿಟ್ಟು ಹೊರಟು, ಹುಲ್ಲಿನಲ್ಲಿ ಸಿಗುವ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸುತ್ತಾನೆ. ಗೆದ್ದಂತೆಲ್ಲ ಪ್ರಾಣಿಯ ಲೆವೆಲ್ ಏರುತ್ತದೆ. ನೂರು ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಇದನ್ನು ಕಲ್ಪಿಸಿದ ಸತೋಶಿ ತಜಿರಿ ಚಿಕ್ಕವನಿದ್ದಾಗ ಹುಳ ಹಿಡಿದು ಸಾಕುತ್ತಿದ್ದವನು. ಬೆಂಕಿಪೊಟ್ಟಣದಲ್ಲಿ ಜೀರುಂಡೆ ಇಟ್ಟು ಬೆಳೆದ ನಮಗೆ ಆಟ ಅಷ್ಟು ಬೇಗ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತದಲ್ಲಿ ಪೋಕೆಮಾನ್ ತೋರಿಸಲು ಶುರು ಮಾಡಿತು. ಪಿಕಾಚು ಮನೆಮನೆಗೆ ಬಂತು. ಆದರೆ ಗೇಮ್ ಬಾಯ್ ಯಂತ್ರವನ್ನು ನಾನು ಕಣ್ಣಲ್ಲಿ ಕಂಡದ್ದು ಬೆಂಗಳೂರಿಗೆ ಓದಲು ಹೋದ ಮೇಲೆ. ನಮಗೆ ಆಟ ಸಿಕ್ಕಿದ್ದು ‘ಎಮುಲೇಟರ್’ ಮೂಲಕ. ಅಂದರೆ ಕಂಪ್ಯೂಟರೇ ಗೇಮ್ ಬಾಯ್ ವೇಷ ಹಾಕಿ ನಿಲ್ಲುವ ಒಂದು ಸಾಫ್ಟ್‌ವೇರ್. ವಿಷುವಲ್‌ಬಾಯ್ ಅಡ್ವಾನ್ಸ್ ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಹೆಸರು.

ಹಾಸನದ ಸೈಬರ್ ಸೆಂಟರಿನಲ್ಲಿ ಯಾರೋ ಇಳಿಸಿಕೊಂಡರು. ಅಲ್ಲಿಂದ ಪೆನ್‌ಡ್ರೈವಿನಲ್ಲಿ ಹೊಳೆನರಸೀಪುರಕ್ಕೆ ಬಂತು. ಆಮೇಲೆ ಚನ್ನರಾಯಪಟ್ಟಣದ ಮೊಬೈಲ್ ಅಂಗಡಿಗಳಲ್ಲಿ ಹಾಡು, ಸಿನಿಮಾ ಮೆಮೊರಿ ಕಾರ್ಡಿಗೆ ತುಂಬಿಸುವಾಗ ಜೊತೆಗೆ ಇದೂ ಸೇರಿಕೊಂಡಿತು. ಯಾವುದಕ್ಕೂ ಪರವಾನಗಿ ಇರಲಿಲ್ಲ ಎಂಬುದನ್ನು ಮುಚ್ಚಿಡುವುದು ಬೇಡ. ನಾವು ಆಡಿದ್ದು ಕದ್ದ ಕಾಪಿ. ಕೋಡುಗಳು ಮಾತ್ರ ಬಸ್ಸಿನಲ್ಲಿ, ನೋಟ್‌ಬುಕ್ಕಿನಲ್ಲಿ ಓಡಾಡಿದವು. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಬರೆದುಕೊಳ್ಳುತ್ತಿದ್ದ, ತಪ್ಪಿನ ಸಮೇತ.

ಮೊದಲ ಕಳ್ಳದಾರಿ ಮಾಡಿದವರೇ ಇಟ್ಟದ್ದು

ಚೀಟ್ ಮಾಡುವುದನ್ನು ಆಡುವವರು ಕಂಡುಹಿಡಿದರು ಅಂದುಕೊಂಡಿದ್ದೆ. ಹಾಗಲ್ಲ. 1986ರಲ್ಲಿ ಕಜುಹಿಸಾ ಹಶಿಮೊಟೊ ಎಂಬಾತ ಕೊನಾಮಿ ಕಂಪನಿಯಲ್ಲಿ ‘ಗ್ರಾಡಿಯಸ್’ ಆಟವನ್ನು ಮನೆಯಲ್ಲಿ ಆಡುವ ಯಂತ್ರಕ್ಕೆ ಹೊಂದಿಸುತ್ತಿದ್ದ. ತಾನು ಮಾಡಿದ ಆಟ ತನಗೇ ಕಷ್ಟವಾಯಿತು. ಕೊನೆಯವರೆಗೆ ಹೋಗದೆ ಪರೀಕ್ಷಿಸುವುದು ಹೇಗೆ? ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿದರೆ ಪೂರ್ತಿ ಶಕ್ತಿ ಬರುವಂತೆ ಮಾಡಿಕೊಂಡ. ಅದು ಆಟದಲ್ಲೇ ಉಳಿದು, ಜಗತ್ತಿಗೆಲ್ಲ ಗೊತ್ತಾಗಿಹೋಯಿತು.

ಪೋಕೆಮಾನ್‌ನಲ್ಲೂ ಇಂಥದೇ ಒಂದು. ಪರೀಕ್ಷೆಗೆಂದು ಇಟ್ಟಿದ್ದ ಭಾಗಗಳನ್ನು ಕೊನೆಗೆ ತೆಗೆದಾಗ ಸುಮಾರು 300 ಬೈಟ್ ಜಾಗ ಉಳಿಯಿತು. ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ ಆ ಸಂದಿಯಲ್ಲಿ ‘ಮ್ಯೂ’ ಎಂಬ ಪ್ರಾಣಿಯನ್ನು ಸೇರಿಸಿಟ್ಟ. 150 ಇದ್ದದ್ದು 151 ಆಯಿತು. ಆಟದೊಳಗೆ ಮ್ಯೂ ಹಿಡಿಯಲು ನೇರ ದಾರಿಯೇ ಇರಲಿಲ್ಲ. ಅದು ಇದೆಯಂತೆ ಎಂಬ ಸುದ್ದಿಯೇ ಸಾಕಾಯಿತು, ಮಕ್ಕಳು ಮೂಲೆಮೂಲೆ ಹುಡುಕಿದರು. ಹುಡುಕುವಾಗ ಮಾಡಿದವರಿಗೂ ಗೊತ್ತಿರದ ಬಿರುಕುಗಳು ಸಿಕ್ಕವು.

ಮಿಸ್ಸಿಂಗ್‌ನೋ ಎಂಬ ದೆವ್ವ

ಅದರಲ್ಲಿ ಹೆಸರಾದದ್ದು ಮಿಸ್ಸಿಂಗ್‌ನೋ. ಪ್ರಾಣಿಗಳಿಗೆಂದು ಆಟದಲ್ಲಿ 190 ಜಾಗ ಮಾಡಿದ್ದರು. 151 ತುಂಬಿದವು, 39 ಖಾಲಿ ಉಳಿದವು. ಖಾಲಿ ಜಾಗಕ್ಕೆ ‘ನಂಬರು ಇಲ್ಲ’ ಎಂಬ ಅರ್ಥದಲ್ಲಿ ಇಟ್ಟ ಹೆಸರು ಅದು. ಅದು ಯಾರಿಗೂ ಕಾಣಿಸಬಾರದಿತ್ತು. ಆದರೂ ಕಾಣಿಸಿತು. ಹೇಗೆ?

ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಬೇರೆ ಕಾಗದ ಹುಡುಕುವ ಬದಲು ಕೈಯಲ್ಲಿದ್ದದ್ದರ ಮೇಲೇ ಬರೆಯುವುದು. ಗೇಮ್ ಬಾಯ್ ಯಂತ್ರದಲ್ಲಿ ಕೆಲಸಕ್ಕೆ ಸಿಗುತ್ತಿದ್ದ ಮೆಮೊರಿ 8 ಕೆಬಿ ಮಾತ್ರ. ಇವತ್ತು ವಾಟ್ಸ್ಯಾಪಿನಲ್ಲಿ ಬರುವ ಒಂದು ಫೋಟೊಗೇ ಅದರ ಹತ್ತಾರು ಪಟ್ಟು ಬೇಕು. ಹಾಗಾಗಿ ಆಟವೂ ಒಂದೇ ಕಾಗದವನ್ನು ಎರಡೆರಡು ಕೆಲಸಕ್ಕೆ ಬಳಸುತ್ತಿತ್ತು.

ವಿರಿಡಿಯನ್ ಸಿಟಿಯಲ್ಲಿ ಒಬ್ಬ ಮುದುಕಪ್ಪ ಪ್ರಾಣಿ ಹಿಡಿಯುವುದು ಹೇಗೆಂದು ತೋರಿಸುತ್ತಾನೆ. ಅಷ್ಟು ಹೊತ್ತು ಪರದೆಯ ಮೇಲೆ ನಿಮ್ಮ ಹೆಸರಿನ ಜಾಗದಲ್ಲಿ ಅವನ ಹೆಸರು ಇರಬೇಕು. ಆಗ ನಿಮ್ಮ ಹೆಸರನ್ನು ಆಟ ಬೇರೆಲ್ಲೋ ಬರೆದಿಟ್ಟುಕೊಳ್ಳಬೇಕು. ಬರೆದಿಟ್ಟದ್ದು ‘ಈ ಊರಿನ ಹುಲ್ಲಿನಲ್ಲಿ ಯಾವ ಪ್ರಾಣಿ ಸಿಗುತ್ತದೆ’ ಎಂಬ ಪಟ್ಟಿಯ ಮೇಲೆ. ಮುಂದಿನ ಹುಲ್ಲುಗಾವಲಿಗೆ ಹೋದರೆ ಹೊಸ ಪಟ್ಟಿ ಬಂದು ಹೆಸರು ಅಳಿಸುತ್ತದೆ. ಆದರೆ ಹುಲ್ಲಿಗೇ ಹೋಗದೆ ನೇರ ಸಿನ್ನಬಾರ್ ದ್ವೀಪಕ್ಕೆ ಹಾರಿದರೆ? ಅಲ್ಲಿಗೆ ಸ್ವಂತ ಪಟ್ಟಿ ಇಲ್ಲ. ಆ ದ್ವೀಪದ ಪೂರ್ವ ದಡದ ನೀರನ್ನು ಆಟ ತಪ್ಪಾಗಿ ಹುಲ್ಲು ಎಂದು ಲೆಕ್ಕ ಹಿಡಿಯುತ್ತದೆ. ಹಳೆಯ ಕಾಗದ ತೆಗೆದು ಓದುತ್ತದೆ. ಅಲ್ಲಿರುವುದು ನಿಮ್ಮ ಹೆಸರು!

ಯಂತ್ರಕ್ಕೆ ಅಕ್ಷರವೂ ನಂಬರೇ. ಈ ಆಟದಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅಂದರೆ 128. ಹೆಸರಿನ ಒಂದು ಅಕ್ಷರವನ್ನು ಲೆವೆಲ್ ಎಂದು, ಮುಂದಿನದನ್ನು ಪ್ರಾಣಿ ಎಂದು ಓದುತ್ತಾ ಹೋಯಿತು. ನೂರು ದಾಟಬಾರದ ಲೆವೆಲ್ 128 ದಾಟಿತು. ಹೆಸರು ಮುಗಿಯಿತು ಎಂದು ಹೇಳುವ ಗುರುತಿನ ನಂಬರು 80. ಅದನ್ನು ಪ್ರಾಣಿ ಎಂದು ಓದಿದರೆ 80ನೇ ಜಾಗ ಖಾಲಿ. ಚಿಂದಿಚಿಂದಿ ಚಿತ್ರದ ಮಿಸ್ಸಿಂಗ್‌ನೋ ಎದ್ದು ನಿಂತಿತು.

ಸೊನ್ನೆಯಿಂದ ಒಂದು

ಅದನ್ನು ಕಂಡವರ ಚೀಲದಲ್ಲಿ ಆರನೇ ವಸ್ತು ಇದ್ದಕ್ಕಿದ್ದಂತೆ 128 ಹೆಚ್ಚಾಗುತ್ತಿತ್ತು. ಮಕ್ಕಳು ಆರನೇ ಜಾಗದಲ್ಲಿ ‘ರೇರ್ ಕ್ಯಾಂಡಿ’ ಇಟ್ಟು ಹೋಗುತ್ತಿದ್ದರು. ಒಂದು ತಿನ್ನಿಸಿದರೆ ಒಂದು ಲೆವೆಲ್ ಏರುವ ಮಿಠಾಯಿ ಅದು. ದೆವ್ವ ವರ ಕೊಟ್ಟಿತು ಎಂದೇ ಎಲ್ಲರ ಭಾವನೆ. ಅಸಲಿಗೆ ಅದೊಂದು ಕಳೆಯುವ ಲೆಕ್ಕ.

ಯಾವ ಪ್ರಾಣಿ ಕಂಡಿದ್ದೀರಿ ಎಂದು ಗುರುತು ಹಾಕಲು ಆಟದಲ್ಲಿ ಒಂದು ಹಾಜರಿ ಪುಸ್ತಕವಿದೆ. ಯಂತ್ರ ಎಣಿಸುವುದು ಸೊನ್ನೆಯಿಂದ. ಹಾಗಾಗಿ ಪ್ರಾಣಿಯ ನಂಬರಿನಿಂದ ಒಂದು ಕಳೆದು ಆ ಮನೆಯಲ್ಲಿ ಗುರುತು ಹಾಕುತ್ತದೆ. ಮಿಸ್ಸಿಂಗ್‌ನೋ ನಂಬರು ಸೊನ್ನೆ. ಸೊನ್ನೆಯಿಂದ ಒಂದು ಕಳೆದರೆ? ಬೈಕಿನ ಮೀಟರನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ ಎಲ್ಲಾ ಒಂಬತ್ತು ಬರುವಂತೆ, ಈ ಯಂತ್ರದಲ್ಲಿ 255 ಬರುತ್ತದೆ. ಪುಸ್ತಕದಲ್ಲಿರುವುದು 151 ಮನೆ. 255ನೇ ಮನೆ ಹುಡುಕುತ್ತಾ ಹೋದ ಯಂತ್ರ ಪುಸ್ತಕ ದಾಟಿ, ಪಕ್ಕದಲ್ಲಿದ್ದ ಚೀಲದ ಲೆಕ್ಕಕ್ಕೆ ನುಗ್ಗಿ, ಆರನೇ ವಸ್ತುವಿನ ಸಂಖ್ಯೆಯ ಮೇಲೆ ಗುರುತು ಹಾಕಿತು. ಅಲ್ಲಿ 1, 2, 4, 8, 16, 32, 64, 128 ಎಂದು ತೂಕದ ಕಲ್ಲಿನ ಹಾಗೆ ಎಂಟು ಮನೆ ಇವೆ. ಗುರುತು ಬಿದ್ದದ್ದು ಕೊನೆಯದರ ಮೇಲೆ. ಒಂದು ಇದ್ದರೆ 129. ಅಷ್ಟೇ ವರ.

ದೆವ್ವವೂ ಇಲ್ಲ, ದೇವರೂ ಇಲ್ಲ. ಯಂತ್ರ ಹೇಳಿದ್ದನ್ನು ಮಾಡಿತು, ತಪ್ಪು ಜಾಗದಲ್ಲಿ ಮಾಡಿತು. ಮಿಸ್ಸಿಂಗ್‌ನೋ ಎದುರಾದರೆ ಗೆದ್ದವರ ದಾಖಲೆಯೂ ಕೆಡುತ್ತಿತ್ತು. 1999ರಲ್ಲಿ ನಿಂಟೆಂಡೊ ಕಂಪನಿ ತನ್ನ ಪತ್ರಿಕೆಯಲ್ಲೇ ಇದರ ಬಗ್ಗೆ ಬರೆದು ಎಚ್ಚರಿಸಿತು.

ನಮ್ಮ ಕೋಡಿನ ಅರ್ಥ

2004ರಲ್ಲಿ ಅದೇ ಆಟದ ಹೊಸ ರೂಪವಾಗಿ ಫೈರ್‌ರೆಡ್ ಬಂತು. ನಾವು ಆಡಿದ್ದು ಅದು. ಮುದುಕಪ್ಪನ ಬಿರುಕನ್ನು ಅದರಲ್ಲಿ ಮುಚ್ಚಿದ್ದರು. ಹಾಗಾಗಿ ನಮಗೆ ಕೋಡೇ ಗತಿ. 1990ರ ಹೊತ್ತಿಗೇ ‘ಗೇಮ್ ಜೀನಿ’ಯಂಥ ಉಪಕರಣಗಳು ಬಂದಿದ್ದವು. ನಿಂಟೆಂಡೊ ಕೇಸು ಹಾಕಿತ್ತು. 1992ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು, ಕೊಂಡುತಂದ ಆಟವನ್ನು ಮನೆಯಲ್ಲಿ ಹೀಗೆ ಬದಲಿಸಿ ಆಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದಿತು. ಆ ವಂಶದ ಕೋಡೇ ನಮ್ಮ ನೋಟ್‌ಬುಕ್ಕಿನದು.

ಅದನ್ನು ಬಿಡಿಸಿದರೆ ಹೀಗೆ: ಮೊದಲ 8 ಎಂದರೆ ‘ಬರೆ’. ನಂತರದ 2025840 ಮೆಮೊರಿಯ ವಿಳಾಸ, ಆಟದೊಳಗಿನ ಪಿಸಿಯಲ್ಲಿ ಇಟ್ಟ ಮೊದಲ ವಸ್ತು ಇರುವ ಜಾಗ. 0044 ಅಲ್ಲಿ ಬರೆಯಬೇಕಾದ ನಂಬರು. ಇದು ಹದಿನಾರರ ಲೆಕ್ಕ, ಹಾಗಾಗಿ ನಾಲ್ಕು ಹದಿನಾರು ಅರವತ್ತನಾಲ್ಕು, ಮೇಲೆ ನಾಲ್ಕು, ಒಟ್ಟು 68. ಆಟದ 68ನೇ ವಸ್ತು ರೇರ್ ಕ್ಯಾಂಡಿ. ಆಟ ತನ್ನ ಲೆಕ್ಕವನ್ನು ಮೆಮೊರಿಯಲ್ಲಿ ಆಗಾಗ ಜಾಗ ಬದಲಿಸುತ್ತಿದ್ದರಿಂದ ಮೊದಲು ಒಂದು ‘ಮಾಸ್ಟರ್ ಕೋಡ್’ ಹಾಕಬೇಕಿತ್ತು. ಅದಿಲ್ಲದೆ ಕೆಲವೊಮ್ಮೆ ನಡೆಯುತ್ತಿರಲಿಲ್ಲ. ನಾವು ‘ಇವತ್ತು ಟೈಮ್ ಸರಿ ಇಲ್ಲ’ ಅನ್ನುತ್ತಿದ್ದೆವು.

ಬಸವ

ನನ್ನ ಅತ್ತೆಯ ಮನೆ ಅರಕಲಗೂಡಿನ ಕಡೆ. ಭಾವ ನನಗಿಂತ ಎರಡು ವರ್ಷ ದೊಡ್ಡವನು. ರಜೆಗೆ ನಮ್ಮಲ್ಲಿಗೆ ಬಂದಾಗ ನಮ್ಮಣ್ಣನ ಕಂಪ್ಯೂಟರಿನಲ್ಲಿ ಫೈರ್‌ರೆಡ್ ಶುರು ಮಾಡಿದ. ಕೋಡ್ ಮುಟ್ಟಲಿಲ್ಲ. ಮೊದಲ ಪ್ರಾಣಿಗೆ ‘ಬಸವ’ ಎಂದು ಹೆಸರಿಟ್ಟ. ಅದು ಅವರ ಮನೆಯ ಎತ್ತಿನ ಹೆಸರು. ಆ ವರ್ಷವೇ ಅದನ್ನು ಮಾರಿದ್ದರು. ದಿನಾ ಹುಲ್ಲಿನಲ್ಲಿ ಅಲೆದು ಬಸವನನ್ನು 61ನೇ ಲೆವೆಲ್‌ಗೆ ತಂದಿದ್ದ.

ಅವನನ್ನು ಖುಷಿಪಡಿಸಬೇಕೆಂದು ನಾನು ನೋಟ್‌ಬುಕ್ ನೋಡಿ ಇನ್ನೊಂದು ಉದ್ದದ ಕೋಡ್ ಹಾಕಿದೆ. ಅವನಿಗೆ ಬೇಕಿದ್ದ ಅಪರೂಪದ ಪ್ರಾಣಿಯದು. ಎಲ್ಲೋ ಅಂಕಿ ತಪ್ಪಿತ್ತು. ನೋಡದೆ ಸೇವ್ ಕೊಟ್ಟೆ. ಬಸವ ಇದ್ದ ಜಾಗದಲ್ಲಿ ಮೊಟ್ಟೆಯ ಚಿತ್ರ, ಕೆಳಗೆ ‘ಬ್ಯಾಡ್ ಎಗ್’.

ಡೇರಿಯಲ್ಲಿ ದಿನದ ಹಾಲಿನ ಲೀಟರುಗಳನ್ನು ಕೂಡಿ ಕೆಳಗೆ ಮೊತ್ತ ಬರೆಯುವಂತೆ, ಈ ಆಟ ಪ್ರತಿ ಪ್ರಾಣಿಯ ವಿವರದ ಜೊತೆ ಒಂದು ಮೊತ್ತ ಇಟ್ಟಿರುತ್ತದೆ. ನಡುವೆ ಯಾರಾದರೂ ಅಂಕಿ ತಿದ್ದಿದರೆ ಮೊತ್ತ ತಾಳೆಯಾಗುವುದಿಲ್ಲ. ಆಗ ಆಟ ಅದನ್ನು ಪ್ರಾಣಿ ಎಂದು ಒಪ್ಪುವುದೇ ಇಲ್ಲ, ಕೆಟ್ಟ ಮೊಟ್ಟೆ ಎಂದು ತೋರಿಸುತ್ತದೆ. ಅದು ಮರಿಯಾಗುವುದಿಲ್ಲ. ಬಿಟ್ಟುಕಳಿಸಲೂ ಬರುವುದಿಲ್ಲ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಭಾವ ಬೈಯಲಿಲ್ಲ. “ಏನ್ಲಾ ಬರ್ದೆ ಅದ್ರಲ್ಲಿ?” ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತೇ ಸಂಜೆ ಬಸ್ಸಿಗೆ ಊರಿಗೆ ಹೋದ.

ಈಗ

2016ರಲ್ಲಿ ಜಿಯೋ ಬಂದ ಮೇಲೆ ಎಮುಲೇಟರೂ ಆಟವೂ ನೇರ ಫೋನಿಗೇ ಇಳಿಯುತ್ತವೆ. ನೋಟ್‌ಬುಕ್ಕಿನ ಹಾಳೆಗಳು ರದ್ದಿಗೆ ಹೋದವು. ಆದರೆ ‘ಫ್ರೀ ಡೈಮಂಡ್’, ‘ಅನ್‌ಲಿಮಿಟೆಡ್ ಕಾಯಿನ್’ ಎಂಬ ಹೆಸರಲ್ಲಿ ಅದೇ ಆಸೆಯನ್ನು ಈಗ ಮಾರುತ್ತಾರೆ. ನಮ್ಮ ಕೋಡ್ ನಮ್ಮ ಕಂಪ್ಯೂಟರಿನಲ್ಲಿದ್ದ ನಂಬರನ್ನು ಬದಲಿಸುತ್ತಿತ್ತು, ಕೆಟ್ಟರೆ ಒಬ್ಬ ಬಸವ ಕೆಡುತ್ತಿದ್ದ. ಈಗಿನ ಆಟಗಳ ನಾಣ್ಯದ ಲೆಕ್ಕ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ನಿಮ್ಮ ಫೋನಿನಲ್ಲಿ ಏನು ಒತ್ತಿದರೂ ಅಲ್ಲಿ ಬದಲಾಗದು. ಬದಲಿಸಿಕೊಡುತ್ತೇವೆ ಎಂದು ಒಟಿಪಿ ಕೇಳಿದರೆ, ಖಾಲಿಯಾಗುವುದು ಅಪ್ಪನ ಬ್ಯಾಂಕ್ ಖಾತೆ.

ಕಳೆದ ದೀಪಾವಳಿಗೆ ಭಾವನ ಮಗ ಫೋನ್ ಹಿಡಿದು ಬಂದ. “ಮಾವ, ರೇರ್ ಕ್ಯಾಂಡಿ ಕೋಡ್ ಗೊತ್ತಾ?” ಅಂದ. ಗೊತ್ತು ಅಂದೆ. ಮೊದಲು ಸೇವ್ ಫೈಲನ್ನು ಬೇರೆ ಕಡೆ ಒಂದು ಕಾಪಿ ಇಡಿಸಿದೆ. ಆಮೇಲೆ 0044 ಅಂದರೆ ಏನು ಎಂದು ಕೇಳಿದೆ. ಇಬ್ಬರೂ ಜಗಲಿಯಲ್ಲಿ ಕೂತು ಲೆಕ್ಕ ಮಾಡಿದೆವು. 68 ಬಂತು. ಹಾಗಾದರೆ 0001 ಬರೆದರೆ ಯಾವ ವಸ್ತು ಬರುತ್ತದೆ ಎಂದು ಅವನೇ ಕೇಳಿದ. ಹಾಕಿ ನೋಡು ಅಂದೆ. ಯಾವ ಪ್ರಾಣಿಯನ್ನೂ ತಪ್ಪದೆ ಹಿಡಿಯುವ ಮಾಸ್ಟರ್ ಬಾಲ್ ಬಂತು.

ಒಳಗಿನಿಂದ ಭಾವ ಕೂಗಿ ಕೇಳಿದ, “ಏನ್ಲಾ ಬರೀತಿದೀರಾ ಅದ್ರಲ್ಲಿ?”

ಈ ಸಲ ಹುಡುಗನೇ ಉತ್ತರ ಹೇಳಿದ.