ಹಿಂದಿನ ಸೀಟಿನ ಲೆಕ್ಕ

2013ರಲ್ಲಿ ಅಮೆರಿಕದ ದುಬಾರಿ ಸೆಡಾನ್‌ಗಳ ಮಾರಾಟ ಪಟ್ಟಿಯಲ್ಲಿ ಒಂದು ಹೊಸ ಹೆಸರು ಎಲ್ಲರಿಗಿಂತ ಮೇಲೆ ಬಂದು ಕೂತಿತು. ಆ ವರ್ಷ ಅಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಮಾರಾಟವಾದದ್ದು 13 ಸಾವಿರ ಚಿಲ್ಲರೆ. ಬಿಎಂಡಬ್ಲ್ಯು 7 ಸೀರೀಸ್ ಮತ್ತು ಲೆಕ್ಸಸ್ ಎಲ್‌ಎಸ್ ಎರಡೂ 11 ಸಾವಿರದ ಆಸುಪಾಸಿನಲ್ಲಿ ನಿಂತವು. ಆಡಿ ಎ8 ಆರು ಸಾವಿರ ದಾಟಿತ್ತು, ಅಷ್ಟೆ. ಇವೆಲ್ಲವನ್ನೂ ಹಿಂದಿಕ್ಕಿದ್ದು ಟೆಸ್ಲಾ ಮಾಡೆಲ್ ಎಸ್. ರಸ್ತೆಗಿಳಿದು ಒಂದೂವರೆ ವರ್ಷವಷ್ಟೇ ಆಗಿದ್ದ, ಪೆಟ್ರೋಲ್ ಟ್ಯಾಂಕೇ ಇಲ್ಲದ ಈ ಕಾರು ಸುಮಾರು 18 ಸಾವಿರ ಮಾರಾಟವಾಗಿತ್ತು.

ಈ ‘ಸುಮಾರು’ ಎನ್ನುವ ಮಾತನ್ನು ಬೇಕೆಂದೇ ಬಳಸಿದ್ದೇನೆ. ಯಾವ ದೇಶದಲ್ಲಿ ಯಾವ ಮಾಡೆಲ್ ಎಷ್ಟು ಹೋಯಿತು ಎಂದು ಟೆಸ್ಲಾ ಹೇಳುವುದಿಲ್ಲ. ಇಡೀ ಜಗತ್ತಿನ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಒಟ್ಟಾಗಿ ಕೊಡುತ್ತದೆ. ಅಮೆರಿಕದ ಆ ಅಂಕಿ ಹೊರಗಿನವರು ಹಾಕಿದ ಅಂದಾಜು. ಅದೂ ಅಲ್ಲದೆ ಎಸ್-ಕ್ಲಾಸ್‌ಗೆ ಅದು ಹಳೆಯ ಮಾಡೆಲ್ ಮುಗಿದು ಹೊಸದು ಬರುತ್ತಿದ್ದ ವರ್ಷ. ಹೊಸ ಮಾಡೆಲ್ ಬರಲಿ ಎಂದು ಕಾಯುತ್ತ ಕೂತವರ ಪಾಲು ಆ ಪಟ್ಟಿಯಲ್ಲಿ ಇರಲಿಲ್ಲ. ಇಷ್ಟನ್ನು ಕಳೆದು ನೋಡಿದರೂ ಆಗಿದ್ದು ದೊಡ್ಡ ಸಂಗತಿಯೇ. ಅಲ್ಲಿಂದ ಇಲ್ಲಿಯವರೆಗೆ ನಡೆದ ಪೈಪೋಟಿಯನ್ನು ಓದುವಾಗ ನಾನು ಒಂದು ಪ್ರಶ್ನೆಯನ್ನು ಕೈಬಿಡುವುದಿಲ್ಲ: ಕಾರು ಕೊಂಡವರು ಅದರಲ್ಲಿ ಎಲ್ಲಿ ಕೂರುತ್ತಾರೆ?

ಎಸ್-ಕ್ಲಾಸ್ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1972ರಲ್ಲಿ. ಇಂದು ಎಲ್ಲ ಕಾರುಗಳಲ್ಲೂ ಇರುವ ಎಬಿಎಸ್ ಬ್ರೇಕನ್ನು 1978ರಲ್ಲೇ ಈ ಕಾರು ಗ್ರಾಹಕರಿಗೆ ಕೊಟ್ಟಿತ್ತು. 1981ರಲ್ಲಿ ಚಾಲಕನ ಏರ್‌ಬ್ಯಾಗೂ ಇದರಲ್ಲಿ ಬಂತು. ಮಂತ್ರಿಗಳು, ಉದ್ಯಮಿಗಳು, ರಾಜತಾಂತ್ರಿಕರು ಇದರ ಹಿಂದಿನ ಸೀಟಿನಲ್ಲಿ ಕೂತು ಓಡಾಡಿದರು. 1989ರಲ್ಲಿ ಟೊಯೊಟಾ ಲೆಕ್ಸಸ್ ಹೆಸರಿನಲ್ಲಿ ಎಲ್‌ಎಸ್ 400 ತಂದಾಗ ಅಮೆರಿಕದ ಟಿವಿಯಲ್ಲಿ ಒಂದು ಜಾಹೀರಾತು ಬಂತು. ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಬಾನೆಟ್ ಮೇಲೆ ಷಾಂಪೇನ್ ಗ್ಲಾಸುಗಳನ್ನು ಗೋಪುರದಂತೆ ಜೋಡಿಸುತ್ತಾರೆ. ಚಕ್ರಗಳು ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ತಿರುಗುತ್ತವೆ. ಒಂದು ಗ್ಲಾಸೂ ಅಲುಗುವುದಿಲ್ಲ. ದುಬಾರಿ ಕಾರು ಎಂದರೆ ಏನು ಎಂಬುದಕ್ಕೆ ಇಷ್ಟು ಚೊಕ್ಕ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಂಜಿನ್ ಇದೆ, ಆದರೆ ಅದು ಇರುವುದು ನಿಮಗೆ ಗೊತ್ತಾಗಬಾರದು. ಎಂಟು, ಹನ್ನೆರಡು ಸಿಲಿಂಡರುಗಳು, ಎಣ್ಣೆ ತುಂಬಿದ ಎಂಜಿನ್ ಮೌಂಟು, ಎರಡು ಪದರದ ಗಾಜು ಎಲ್ಲವೂ ಆ ಒಂದು ಮೌನಕ್ಕಾಗಿ.

ವಿದ್ಯುತ್ ಮೋಟಾರಿಗೆ ಆ ಮೌನ ಹುಟ್ಟುಗುಣ. ಅದರಲ್ಲಿ ಸ್ಫೋಟವಿಲ್ಲ, ಪಿಸ್ಟನ್ ಇಲ್ಲ, ಗೇರು ಬದಲಿಸುವ ಜರ್ಕಿಲ್ಲ. ಇದು ಶತಮಾನದ ಹಿಂದೆಯೇ ಗೊತ್ತಿದ್ದ ವಿಷಯ. ಹೆನ್ರಿ ಫೋರ್ಡ್ ಲಕ್ಷಗಟ್ಟಲೆ ಪೆಟ್ರೋಲ್ ಕಾರು ಮಾಡುತ್ತಿದ್ದಾಗ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್. ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಶುರು ಮಾಡುವ ಕಷ್ಟ ಅದರಲ್ಲಿ ಇರಲಿಲ್ಲ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಆ ಅನುಕೂಲ ಪೆಟ್ರೋಲ್ ಕಾರಿಗೂ ಸಿಕ್ಕಿತು. ಪೆಟ್ರೋಲ್ ಅಗ್ಗವಾಗುತ್ತ ಹೋಯಿತು, ಬ್ಯಾಟರಿ ಕಾರು ಮೂಲೆಗೆ ಸೇರಿತು.

ಮತ್ತೆ ಎದ್ದಾಗ ಅದಕ್ಕೆ ಎರಡು ದಾರಿಗಳಿದ್ದವು. ಮೊದಲನೆಯದನ್ನು ಹಿಡಿದದ್ದು ನಮ್ಮ ಬೆಂಗಳೂರು. ಚೇತನ್ ಮೈನಿ ಅವರ ರೇವಾ 2001ರಲ್ಲಿ ರಸ್ತೆಗೆ ಬಂತು. ಎರಡು ಬಾಗಿಲಿನ ಪುಟ್ಟ ಕಾರು, ಊರೊಳಗಿನ ಓಡಾಟಕ್ಕೆ. ಲಂಡನ್ನಿನಲ್ಲಿ ಅದನ್ನು ಜಿ-ವಿಜ್ ಎಂದು ಕರೆದರು. ಅಲ್ಲಿನ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿ ಇತ್ತು. ಸಣ್ಣ ಕಾರಿನಿಂದ ಶುರುಮಾಡಿ ಮೇಲಕ್ಕೆ ಹೋಗುವ ದಾರಿ ಇದು. ಟೆಸ್ಲಾ ಹಿಡಿದದ್ದು ಇದಕ್ಕೆ ತೀರಾ ವಿರುದ್ಧವಾದದ್ದು. 2006ರಲ್ಲೇ ಇಲಾನ್ ಮಸ್ಕ್ ತಮ್ಮ ಯೋಜನೆಯನ್ನು ಬಹಿರಂಗವಾಗಿ ಬರೆದಿದ್ದರು: ಮೊದಲು ದುಬಾರಿ ಕಾರು, ಆ ಹಣದಲ್ಲಿ ನಡುಬೆಲೆಯ ಕಾರು, ಅದರ ಹಣದಲ್ಲಿ ಎಲ್ಲರಿಗೂ ಎಟಕುವ ಕಾರು. ಬ್ಯಾಟರಿಯೇ ಬೆಲೆಯ ಬಹುಪಾಲು ತಿನ್ನುತ್ತಿದ್ದ ಕಾಲದಲ್ಲಿ ಈ ಲೆಕ್ಕಾಚಾರ ಸರಿಯಾಗಿತ್ತು. ಅಗ್ಗದ ಕಾರಿಗೆ ಒಳ್ಳೆಯ ಬ್ಯಾಟರಿ ಹಾಕಿದರೆ ಅದು ಅಗ್ಗವಾಗಿ ಉಳಿಯುವುದಿಲ್ಲ, ಕೆಟ್ಟ ಬ್ಯಾಟರಿ ಹಾಕಿದರೆ ಕೊಳ್ಳುವವರಿಲ್ಲ. ರೇವಾ ಸಿಕ್ಕಿಬಿದ್ದದ್ದು ಇಲ್ಲೇ. ಮೈನಿ ಅವರ ಧೈರ್ಯಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿ ಸಂದಿಲ್ಲ ಎಂಬ ಬೇಸರ ನನಗಿದೆ. 2010ರಲ್ಲಿ ಕಂಪನಿ ಮಹೀಂದ್ರ ಕೈಸೇರಿತು.

ಮಾಡೆಲ್ ಎಸ್ 2012ರ ಜೂನ್‌ನಲ್ಲಿ ಗ್ರಾಹಕರ ಕೈಗೆ ಬಂತು. ಜನರಲ್ ಮೋಟಾರ್ಸ್ ಮತ್ತು ಟೊಯೊಟಾ ಒಟ್ಟಾಗಿ ನಡೆಸಿ ಮುಚ್ಚಿದ್ದ ಫ್ರೀಮಾಂಟ್ ಕಾರ್ಖಾನೆಯಲ್ಲಿ ಅದನ್ನು ತಯಾರಿಸಿದರು. ಲ್ಯಾಪ್‌ಟಾಪ್‌ನಲ್ಲಿ ಇರುವಂಥ ಸಣ್ಣ ಸೆಲ್‌ಗಳು, ಏಳು ಸಾವಿರಕ್ಕೂ ಹೆಚ್ಚು, ಕಾರಿನ ನೆಲದಡಿ ಹಲಗೆಯಂತೆ ಹರಡಿಕೊಂಡಿದ್ದವು. ದೊಡ್ಡ ಬ್ಯಾಟರಿಯ ಕಾರು ಒಂದು ಚಾರ್ಜಿಗೆ 426 ಕಿಲೋಮೀಟರ್ ಹೋಗುತ್ತದೆ ಎಂದು ಅಮೆರಿಕ ಸರ್ಕಾರದ ಪರೀಕ್ಷೆ ಹೇಳಿತು. ಅದೇ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೂಪರ್‌ಚಾರ್ಜರ್‌ಗಳು ಶುರುವಾದವು. ಕಾರು ಮಾರುವವರೇ ‘ಬಂಕ್’ ಕೂಡ ಕಟ್ಟಿದ್ದು ದೊಡ್ಡ ಜಾಣತನ. ಬ್ಯಾಟರಿ ಕಾರುಗಳಿಗೆ ತೆರಿಗೆ ಬಿಟ್ಟು, ಬಸ್ ಲೇನಿನಲ್ಲಿ ಹೋಗಲು ಬಿಟ್ಟಿದ್ದ ನಾರ್ವೆಯಲ್ಲಿ 2013ರ ಸೆಪ್ಟೆಂಬರ್ ತಿಂಗಳಿಗೆ ಅತಿ ಹೆಚ್ಚು ಮಾರಾಟವಾದ ಕಾರು ಇದೇ ಆಯಿತು. ಐಷಾರಾಮಿ ವಿಭಾಗದಲ್ಲಿ ಮಾತ್ರವಲ್ಲ, ಎಲ್ಲ ಕಾರುಗಳ ನಡುವೆ.

ಭಾರವಾದ ಬ್ಯಾಟರಿ ನೆಲದಡಿ ಇದ್ದುದರಿಂದ ತಿರುವಿನಲ್ಲಿ ಕಾರು ವಾಲದೆ ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು. ಸ್ಟೀರಿಂಗ್ ಹಿಡಿದವರಿಗೆ ಅದೊಂದು ಸುಖ. ಆದರೆ ಅದೇ ಬ್ಯಾಟರಿ ನೆಲವನ್ನು ಮೇಲಕ್ಕೆತ್ತುತ್ತದೆ. ಹಿಂದೆ ಕೂತವರ ಮೊಣಕಾಲು ಮೇಲಕ್ಕೇರಿ ತೊಡೆಗೆ ಆಸರೆ ತಪ್ಪುತ್ತದೆ. ಇಳಿಜಾರು ಚಾವಣಿಯಿದ್ದರೆ ತಲೆಗೂ ಇಕ್ಕಟ್ಟು. ಮಾಡೆಲ್ ಎಸ್‌ನ ಹಿಂದಿನ ಸೀಟು ಬರಿಯ ಬೆಂಚಿನಂತಿತ್ತು, ಎಸ್-ಕ್ಲಾಸ್‌ನದು ಕಾಲು ಚಾಚಿ ಮಲಗುವಂಥದ್ದು. ಅಮೆರಿಕದಲ್ಲಿ ಲಕ್ಷ ಡಾಲರ್ ಕೊಟ್ಟು ಕಾರು ಕೊಳ್ಳುವವರೂ ತಾವೇ ಓಡಿಸುತ್ತಾರೆ. ಟೆಸ್ಲಾ ಗೆದ್ದದ್ದು ಅವರನ್ನು.

ಜಗತ್ತಿನ ಲೆಕ್ಕ ತೆಗೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2014ರಲ್ಲಿ ಎಸ್-ಕ್ಲಾಸ್ ಜಗತ್ತಿನಾದ್ಯಂತ ಒಂದು ಲಕ್ಷ ದಾಟಿತು. ಟೆಸ್ಲಾ ಆ ವರ್ಷ ಮಾರಿದ ಕಾರುಗಳು 32 ಸಾವಿರದೊಳಗೆ. ಎಸ್-ಕ್ಲಾಸ್‌ಗೆ ಅತಿ ದೊಡ್ಡ ಮಾರುಕಟ್ಟೆ ಚೀನಾ. ಅಲ್ಲಿ ಮಾಲೀಕರು ಕೂರುವುದು ಹಿಂದೆ. ‘ಟೆಸ್ಲಾ ಎಸ್-ಕ್ಲಾಸನ್ನು ಸೋಲಿಸಿತು’ ಎಂಬ ಸುದ್ದಿ ಅಮೆರಿಕಕ್ಕೆ ನಿಜ, ಬೀಜಿಂಗಿಗೆ ಅಲ್ಲ.

ಯುರೋಪಿನಲ್ಲಿ ಗೆಲುವು ತಡವಾಗಿ ಬಂತು. 2017ರಲ್ಲಿ ಅಲ್ಲಿ 16,132 ಮಾಡೆಲ್ ಎಸ್ ಮಾರಾಟವಾದರೆ, ಎಸ್-ಕ್ಲಾಸ್ 13,359, ಬಿಎಂಡಬ್ಲ್ಯು 7 ಸೀರೀಸ್ 11,735. ಜರ್ಮನ್ನರ ಮನೆಯಂಗಳದಲ್ಲೇ ಆದ ಸೋಲು ಇದು. ಮರುವರ್ಷ ಆಟ ಒಂದು ಮೆಟ್ಟಿಲು ಕೆಳಗಿಳಿಯಿತು. ಮಾಡೆಲ್ 3 ಎಂಬ ನಡುಬೆಲೆಯ ಸೆಡಾನ್ 2018ರಲ್ಲಿ 1,45,846 ಗ್ರಾಹಕರಿಗೆ ತಲುಪಿತು. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಉತ್ತರ ಅಮೆರಿಕದಲ್ಲೇ. ಕಾರ್ಖಾನೆಯೊಳಗೆ ಜಾಗ ಸಾಲದೆ ಹೊರಗೆ ಬೃಹತ್ ಟೆಂಟ್ ಹಾಕಿ ಅದರೊಳಗೆ ಕಾರು ಜೋಡಿಸಿದ ವರ್ಷವದು. ಬಿಎಂಡಬ್ಲ್ಯು 3 ಸೀರೀಸ್, ಮರ್ಸಿಡಿಸ್ ಸಿ-ಕ್ಲಾಸ್ ಅಮೆರಿಕದಲ್ಲಿ ಇದರ ಹತ್ತಿರಕ್ಕೂ ಬರಲಿಲ್ಲ. ಅವೂ ಮಾಲೀಕರೇ ಓಡಿಸುವ ಕಾರುಗಳು. ಇನ್ನೊಂದು ಮಾತು. ಅಷ್ಟರಲ್ಲಿ ಸೆಡಾನ್ ಎನ್ನುವ ಜಾತಿಯೇ ಎಸ್‌ಯುವಿಗಳ ಎದುರು ಸೊರಗುತ್ತಿತ್ತು. ಹಳೆಯ ಸೆಡಾನ್‌ಗಳು ಕಳೆದುಕೊಂಡ ಗ್ರಾಹಕರೆಲ್ಲ ಬ್ಯಾಟರಿ ಕಾರಿಗೆ ಹೋದರು ಎಂದುಕೊಳ್ಳುವುದು ತಪ್ಪು. ಬಹಳಷ್ಟು ಮಂದಿ ಎತ್ತರದ ಪೆಟ್ರೋಲ್ ಗಾಡಿ ಹತ್ತಿದರು.

ಜರ್ಮನ್ ಕಂಪನಿಗಳು ಉತ್ತರ ಕೊಟ್ಟ ಬಗೆ ಮೂರು ಥರ. ಪೋರ್ಷೆ 2019ರಲ್ಲಿ ಟೈಕಾನ್ ತಂದಿತು. 2021ರಲ್ಲಿ ಅದು 41,296 ಮಾರಾಟವಾಗಿ, ಪೋರ್ಷೆಯ ಪೆಟ್ರೋಲ್ ಸೆಡಾನ್ ಪನಾಮೆರಾವನ್ನಷ್ಟೇ ಅಲ್ಲ, ಮನೆತನದ ಕೀರ್ತಿಯಾದ 911 ಕಾರನ್ನೂ ಮೀರಿಸಿತು. ಮೂರೇ ವರ್ಷದಲ್ಲಿ ಚಿತ್ರ ಅಡಿಮೇಲಾಯಿತು. 2024ರಲ್ಲಿ ಟೈಕಾನ್ 20,836ಕ್ಕೆ ಕುಸಿಯಿತು. ಪನಾಮೆರಾ ಅದಕ್ಕಿಂತ ಮೇಲಿತ್ತು. ದುಬಾರಿ ಬ್ಯಾಟರಿ ಕಾರುಗಳ ಸೆಕೆಂಡ್ ಹ್ಯಾಂಡ್ ಬೆಲೆ ಬೇಗ ಇಳಿಯುವುದನ್ನು ಕೊಂಡವರು ಕಣ್ಣಾರೆ ನೋಡಿದ್ದರು. ಹೊಸ ಬ್ಯಾಟರಿ ಬಂದಾಗಲೆಲ್ಲ ಹಳೆಯದು ಹಳೆಯ ಫೋನಿನಂತಾಗುತ್ತದೆ.

ಮರ್ಸಿಡಿಸ್ 2021ರಲ್ಲಿ ಇಕ್ಯೂಎಸ್ ಮಾಡಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತವಾದ ಕಾರು. ಗಾಳಿಯನ್ನು ಸೀಳುವ ಬಿಲ್ಲಿನಾಕಾರ, ಒಂದೇ ಚಾರ್ಜಿನಲ್ಲಿ ಬಹುದೂರ. ಆದರೆ ಆ ಬಿಲ್ಲಿನಾಕಾರಕ್ಕಾಗಿ ಉದ್ದನೆಯ ಬಾನೆಟ್ ಹೋಯಿತು, ಅದರ ಮೇಲೆ ನಿಲ್ಲುತ್ತಿದ್ದ ನಕ್ಷತ್ರವೂ ಹೋಯಿತು. ಎಸ್-ಕ್ಲಾಸ್ ಬಂದು ನಿಂತರೆ ದೂರದಿಂದಲೇ ಗೊತ್ತಾಗುತ್ತಿದ್ದ ಗತ್ತು ಇದರಲ್ಲಿ ಕಾಣಲಿಲ್ಲ. 2024ರಲ್ಲಿ ಕಂಪನಿ ಆ ನಕ್ಷತ್ರವನ್ನು ಬಾನೆಟ್ಟಿಗೆ ಮರಳಿ ತಂದಿತು. ಬಿಎಂಡಬ್ಲ್ಯು ಬೇರೆ ದಾರಿ ಹಿಡಿಯಿತು. 2022ರ ಹೊಸ 7 ಸೀರೀಸನ್ನು ಎತ್ತರಿಸಿ, ಅದೇ ದೇಹಕ್ಕೆ ಪೆಟ್ರೋಲ್, ಡೀಸೆಲ್, ಬ್ಯಾಟರಿ ಮೂರನ್ನೂ ಹಾಕಿತು. ಬ್ಯಾಟರಿಯದಕ್ಕೆ ಐ7 ಎಂದು ಹೆಸರು. ಹಿಂದೆ ಕೂತವರಿಗೆ ಚಾವಣಿಯಿಂದ 31 ಇಂಚಿನ ಪರದೆ ಇಳಿಯುತ್ತದೆ. ಹಿಂದಿನ ಸೀಟನ್ನು ಮೊದಲು ಯೋಚಿಸಿ ಮಾಡಿದ ಬ್ಯಾಟರಿ ಕಾರು ಇದು. ನನ್ನ ಮಟ್ಟಿಗೆ ಮೂವರಲ್ಲಿ ಸರಿಯಾಗಿ ಅರ್ಥಮಾಡಿಕೊಂಡವರು ಇವರೇ.

ಈಗ ಆಟ ನಡೆಯುತ್ತಿರುವುದು ಚೀನಾದಲ್ಲಿ. 2021ರಲ್ಲಿ ಅಲ್ಲಿ 95,671 ಕಾರು ಮಾರಿದ್ದ ಪೋರ್ಷೆ 2024ರಲ್ಲಿ 56,887ಕ್ಕೆ ಇಳಿಯಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಫೋನ್ ಕಂಪನಿ ಹುವಾವೆ ಮತ್ತು ಕಾರು ಕಂಪನಿ ಜೆಎಸಿ ಸೇರಿ ಮಾಯೆಕ್ಸ್‌ಟ್ರೋ ಎಸ್800 ಎಂಬ ಐದೂವರೆ ಮೀಟರ್ ಉದ್ದದ ಸೆಡಾನ್ ಬಿಟ್ಟವು. ಬೆಲೆ ಏಳು ಲಕ್ಷ ಯುವಾನ್‌ನಿಂದ ಮೇಲೆ. ಬರೀ ಬ್ಯಾಟರಿಯದ್ದೂ ಇದೆ, ಸಣ್ಣ ಪೆಟ್ರೋಲ್ ಎಂಜಿನ್ನಿನಿಂದ ವಿದ್ಯುತ್ ತಯಾರಿಸಿಕೊಂಡು ಓಡುವುದೂ ಇದೆ. ಕೆಲವೇ ತಿಂಗಳಲ್ಲಿ ಆ ಬೆಲೆಯ ವರ್ಗದಲ್ಲಿ ಇದು ಜರ್ಮನ್ ಸೆಡಾನ್‌ಗಳಿಗಿಂತ ಮುಂದೆ ಬಂತು. ಹಿಂದಿನ ಸೀಟಿನ ಗ್ರಾಹಕ ಮೊದಲ ಬಾರಿಗೆ ಕದಲಿದ್ದು ಇಲ್ಲಿ.

ನಮ್ಮಲ್ಲೂ ಹಿಂದಿನ ಸೀಟೇ ದೊಡ್ಡದು. ಭಾರತದಲ್ಲಿ ಹಲವು ವರ್ಷಗಳಿಂದ ಅತಿ ಹೆಚ್ಚು ಮಾರಾಟವಾಗುವ ಐಷಾರಾಮಿ ಕಾರು ಮರ್ಸಿಡಿಸ್ ಇ-ಕ್ಲಾಸ್, ಅದೂ ಹಿಂದೆ ಕೂರುವವರಿಗಾಗಿ ಉದ್ದ ಮಾಡಿದ್ದು. ಬ್ಯಾಟರಿ ಕಾರಿಗೆ ಇಲ್ಲಿ ತೆರಿಗೆಯ ಬೆಂಬಲ ದೊಡ್ಡದಾಗಿದೆ. ಅದರ ಜಿಎಸ್‌ಟಿ ಶೇ 5. ದೊಡ್ಡ ಪೆಟ್ರೋಲ್ ಸೆಡಾನ್‌ಗೆ ಸೆಸ್ ಸೇರಿ ಶೇ 48 ಇತ್ತು, 2025ರ ಸೆಪ್ಟೆಂಬರ್‌ನಿಂದ ಶೇ 40. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆ ಇರಲೇ ಇಲ್ಲ. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದವಕ್ಕೆ ಶೇ 10ರ ಜೀವಿತಾವಧಿ ತೆರಿಗೆ ಬಂತು. ಪೆಟ್ರೋಲ್‌ನ ದುಬಾರಿ ಕಾರಿಗೆ ಅದು ಶೇ 18. ಇಕ್ಯೂಎಸ್ ಅನ್ನು 2022ರಿಂದ ಪುಣೆಯ ಚಾಕಣದಲ್ಲಿ ಜೋಡಿಸಿ 1.55 ಕೋಟಿಗೆ ಮಾರಲು ಶುರುಮಾಡಿದರು. ಇಷ್ಟೆಲ್ಲ ಇದ್ದೂ 2024ರಲ್ಲಿ ಮರ್ಸಿಡಿಸ್ ಇಲ್ಲಿ ಮಾರಿದ 19,565 ಕಾರುಗಳಲ್ಲಿ ಬ್ಯಾಟರಿಯವು ನೂರಕ್ಕೆ ಆರರಷ್ಟು. ಬಿಎಂಡಬ್ಲ್ಯು ಗುಂಪಿನ 15,721ರಲ್ಲಿ 1,249.

ಕಾರಣವನ್ನು ನನಗೆ ಹೇಳಿದ್ದು ಒಬ್ಬ ಡ್ರೈವರ್. ಅರಮನೆ ಮೈದಾನದಲ್ಲಿ ಮದುವೆಯೊಂದಕ್ಕೆ ಹೋಗಿದ್ದೆ. ಪಾರ್ಕಿಂಗ್‌ನಲ್ಲಿ ಸಾಲಾಗಿ ನಿಂತಿದ್ದ ದೊಡ್ಡ ಗಾಡಿಗಳ ನಡುವೆ ಒಂದು ಬ್ಯಾಟರಿ ಕಾರಿನಲ್ಲಿ ಆತ ಎಸಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿದ್ದ ಡೀಸೆಲ್ ಗಾಡಿ ಗುರ್ ಎನ್ನುತ್ತ ಬಿಸಿಗಾಳಿ ಬಿಡುತ್ತಿತ್ತು. ಇವನದರಲ್ಲಿ ಸದ್ದೇ ಇಲ್ಲ. ಬಾಗಿಲ ಹತ್ತಿರ ನಿಂತು ಗಾಡಿ ಹೇಗಿದೆ ಎಂದು ಕೇಳಿದೆ. “ಮೂರು ಗಂಟೆ ಎಸಿ ಹಾಕ್ಕೊಂಡು ಕೂತ್ರೂ ಹೊಗೆ ಇಲ್ಲ, ಅಲುಗಾಟ ಇಲ್ಲ ಸಾರ್. ಸಿಟಿಗೆ ಇದೇ. ಆದ್ರೆ ಸಾಹೇಬ್ರು ಚಿಕ್ಕಮಗಳೂರಿನ ತೋಟಕ್ಕೆ ಹೊರಟ್ರೆ ಡೀಸೆಲ್ ಗಾಡೀನೇ ತೆಗಿ ಅಂತಾರೆ,” ಎಂದ. ಘಾಟಿನ ದಾರಿಯಲ್ಲಿ ಚಾರ್ಜರ್ ಹುಡುಕುತ್ತ ಕೂರುವುದು ಸಾಹೇಬರಿಗೆ ಬೇಡ. ನಮ್ಮ ಶ್ರೀಮಂತ ಮನೆಗಳಲ್ಲಿ ಬ್ಯಾಟರಿ ಕಾರು ಹಳೆಯದರ ಜಾಗಕ್ಕೆ ಬಂದಿಲ್ಲ, ಅದರ ಪಕ್ಕಕ್ಕೆ ಬಂದು ನಿಂತಿದೆ.

ಟೆಸ್ಲಾ ಭಾರತದಲ್ಲಿ ಕಂಪನಿ ನೋಂದಾಯಿಸಿದ್ದು 2021ರ ಜನವರಿಯಲ್ಲಿ, ಬೆಂಗಳೂರಿನಲ್ಲಿ. ಮಳಿಗೆ ತೆರೆದದ್ದು ನಾಲ್ಕೂವರೆ ವರ್ಷಗಳ ನಂತರ, ಮುಂಬೈಯಲ್ಲಿ. ಮಾರಲು ತಂದದ್ದು ಸೆಡಾನ್ ಅಲ್ಲ, ಸುಮಾರು 60 ಲಕ್ಷದ ಮಾಡೆಲ್ ವೈ. ಅದೇ ವರ್ಷ ಬಿಎಂಡಬ್ಲ್ಯು ಚೆನ್ನೈನಲ್ಲಿ ಜೋಡಿಸಿದ, ಹಿಂದಿನ ಸೀಟಿನವರಿಗಾಗಿ ಉದ್ದ ಮಾಡಿದ ಐಎಕ್ಸ್1 ಬ್ಯಾಟರಿ ಕಾರನ್ನು 49 ಲಕ್ಷಕ್ಕೆ ಮಾರುಕಟ್ಟೆಗೆ ತಂದಿತು. ಇಲ್ಲಿನ ಗ್ರಾಹಕರನ್ನು ಬಲ್ಲವರ ಕೆಲಸ ಅದು.

2026ರ ಜನವರಿಯಲ್ಲಿ ಮಸ್ಕ್ ಒಂದು ಘೋಷಣೆ ಮಾಡಿದರು. ಮಾಡೆಲ್ ಎಸ್ ತಯಾರಿಕೆ ನಿಲ್ಲುತ್ತದೆ, ಫ್ರೀಮಾಂಟಿನ ಆ ಜಾಗದಲ್ಲಿ ರೋಬೊಗಳು ತಯಾರಾಗುತ್ತವೆ. ಹದಿಮೂರು ವರ್ಷದ ಹಿಂದೆ ಅದಕ್ಕೆ ಸೋತಿದ್ದ ಎಸ್-ಕ್ಲಾಸ್ ಜರ್ಮನಿಯ ಸಿಂಡೆಲ್ಫಿಂಗೆನ್‌ನಲ್ಲಿ ಇನ್ನೂ ತಯಾರಾಗುತ್ತಿದೆ, ಪೆಟ್ರೋಲ್ ಎಂಜಿನ್ನಿನೊಂದಿಗೆ.