ಎರಡು ಕೈಗಳ ಕಥೆ

ಪ್ರಾಣ ಎಂಬ ಮಾತಿಗೆ ನಮ್ಮಲ್ಲಿ ಉಸಿರು ಎಂಬ ಅರ್ಥವೂ ಇದೆ, ಜೀವ ಎಂಬ ಅರ್ಥವೂ ಇದೆ. ಉಸಿರು ಹೋಯಿತೆಂದರೆ ಜೀವ ಹೋಯಿತೆಂದೇ ಲೆಕ್ಕ. ಹಿರಿಯರು ಮೇಲುಸಿರು ಬಿಡತೊಡಗಿದರೆ ಮನೆಯವರೆಲ್ಲ ಸುತ್ತ ಸೇರಿ ಬಾಯಿಗೆ ತುಳಸಿ ನೀರು ಬಿಡುವುದು ರೂಢಿ. ತುಂಬು ಬಾಳು ಬಾಳಿ ಹೊರಟವರಿಗೆ ಅದು ಸಲ್ಲಬೇಕಾದ ಮರ್ಯಾದೆಯೇ ಸರಿ. ಆದರೆ ಬೆಳಿಗ್ಗೆ ಕಾಫಿ ಕುಡಿದು ಪೇಪರು ಓದುತ್ತಿದ್ದ ಐವತ್ತರ ಮನುಷ್ಯ ಇದ್ದಕ್ಕಿದ್ದಂತೆ ಕುಸಿದು ಬಿದ್ದು ಎರಡು ಸಲ ಮೇಲುಸಿರು ಎಳೆದರೆ, ಅದು ಹೊರಡುವ ಹೊತ್ತೇನಲ್ಲ. ಆ ಗಳಿಗೆಯಲ್ಲಿ ಪಕ್ಕದಲ್ಲಿದ್ದವರ ಕೈ ಏನು ಮಾಡಬೇಕು ಎಂಬುದನ್ನು ಕಲಿಯಲು ಮನುಷ್ಯನಿಗೆ ಸುಮಾರು ಇನ್ನೂರು ವರ್ಷ ಹಿಡಿಯಿತು. ಯುದ್ಧಗಳ ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವ ನನ್ನಂಥವರಿಗೆ ಈ ಕಥೆಯೂ ಚರಿತ್ರೆಯ ಪಾಠದಲ್ಲಿ ಇರಬೇಕಿತ್ತು ಅನ್ನಿಸುತ್ತದೆ.

ಕಥೆ ಹೆಂಗಸರಿಂದಲೇ ಶುರುವಾಗುತ್ತದೆ. ಹುಟ್ಟಿದ ಕೂಸು ಅಳದಿದ್ದರೆ ಯುರೋಪಿನ ಸೂಲಗಿತ್ತಿಯರು ಅದರ ಬಾಯಿಗೆ ಬಾಯಿಟ್ಟು ಮೆಲ್ಲಗೆ ಊದುತ್ತಿದ್ದರು. ಓದಿದ ವೈದ್ಯರ ಕಣ್ಣಿಗೆ ಅದು ಹೆಂಗಸರ ಒರಟು ಉಪಾಯ. 1732ರಲ್ಲಿ ಸ್ಕಾಟ್ಲೆಂಡಿನ ಅಲ್ಲೋವಾ ಎಂಬಲ್ಲಿ ವಿಲಿಯಂ ಟೋಸಾಕ್ ಎಂಬ ವೈದ್ಯರು, ಕಲ್ಲಿದ್ದಲ ಗಣಿಯ ಹೊಗೆಯಲ್ಲಿ ಉಸಿರುಗಟ್ಟಿ ಬಿದ್ದಿದ್ದ ಕೆಲಸಗಾರನ ಬಾಯಿಗೆ ಹೀಗೆಯೇ ಊದಿ ಅವನನ್ನು ಬದುಕಿಸಿದರು. ಅದನ್ನು ಬರೆದು ಪ್ರಕಟಿಸಿದ್ದು 1744ರಲ್ಲಿ. ಮುಂದೆ 1767ರಲ್ಲಿ ಕಾಲುವೆಗಳ ಊರಾದ ಆಮ್‌ಸ್ಟರ್‌ಡ್ಯಾಮಿನಲ್ಲಿ, ನೀರಿಗೆ ಬಿದ್ದವರನ್ನು ಉಳಿಸಲೆಂದೇ ಒಂದು ಸಂಘ ಹುಟ್ಟಿತು. 1774ರಲ್ಲಿ ಲಂಡನ್ನಿನಲ್ಲೂ ಅಂಥದೇ ಸಂಘ ಬಂತು.

ಆಗಿನ ಉಪಾಯಗಳನ್ನು ಓದಿದರೆ ನಗು ಬರುತ್ತದೆ. ಮೈ ಬೆಚ್ಚಗೆ ಮಾಡು, ಬಾಯಿಗೆ ಊದು ಎನ್ನುವುದರ ಜೊತೆಗೆ, ತಿದಿಯಿಂದ ತಂಬಾಕಿನ ಹೊಗೆಯನ್ನು ಹಿಂಬದಿಯಿಂದ ಹೊಟ್ಟೆಗೆ ಊದು ಎಂಬ ಸಲಹೆಯೂ ಇತ್ತು! ಅದರ ಸಲಕರಣೆಗಳನ್ನು ಥೇಮ್ಸ್ ನದಿಯ ದಡದಲ್ಲಿ ಸಿದ್ಧವಾಗಿ ಇಟ್ಟಿರುತ್ತಿದ್ದರಂತೆ. ಮುಳುಗಿದವರನ್ನು ಪೀಪಾಯಿಯ ಮೇಲೆ ಉರುಳಿಸುವುದು, ಓಡುವ ಕುದುರೆಯ ಬೆನ್ನಿಗೆ ಅಡ್ಡ ಹಾಕುವುದು ಕೂಡ ನಡೆದಿತ್ತು. ನಗುವ ಮುನ್ನ ಒಂದು ಮಾತು ನೆನೆಯಬೇಕು. ಸತ್ತಂತೆ ಕಾಣುವವರೆಲ್ಲ ಸತ್ತಿರುವುದಿಲ್ಲ, ಬೀದಿಯ ಜನರೂ ಅವರನ್ನು ಉಳಿಸಬಹುದು ಎಂಬ ನಂಬಿಕೆ ಅಲ್ಲಿ ಮೊಳೆತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಯಿಗೆ ಊದುವುದು ಹಿಂದೆ ಸರಿಯಿತು. 1858ರ ಸಿಲ್ವೆಸ್ಟರ್ ವಿಧಾನದಲ್ಲಿ ಬಿದ್ದವರ ತೋಳುಗಳನ್ನು ಮೇಲೆತ್ತಿ ಇಳಿಸುವುದು, 1903ರ ಶೇಫರ್ ವಿಧಾನದಲ್ಲಿ ಬೋರಲು ಮಲಗಿಸಿ ಬೆನ್ನು ಒತ್ತುವುದು. ಇವೇ ಸುಮಾರು ನೂರು ವರ್ಷ ನಡೆದವು. ಗಾಳಿ ಸರಿಯಾಗಿ ಒಳಗೆ ಹೋಗುತ್ತಿದೆಯೇ ಎಂದು ಅಳೆದು ನೋಡಿದವರು 1950ರ ದಶಕದಲ್ಲಿ ಜೇಮ್ಸ್ ಎಲಾಮ್ ಮತ್ತು ಪೀಟರ್ ಸಫರ್. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದ ಬಾಲ್ಟಿಮೋರಿನಲ್ಲಿ ಅರಿವಳಿಕೆ ವೈದ್ಯರಾಗಿದ್ದ ಸಫರ್, ತಾವಾಗಿ ಮುಂದೆ ಬಂದವರಿಗೆ ಔಷಧಿ ಕೊಟ್ಟು ಉಸಿರಾಟ ನಿಲ್ಲಿಸಿ, ಇನ್ನೊಬ್ಬರಿಂದ ಬಾಯಿಗೆ ಊದಿಸಿ ಪರೀಕ್ಷಿಸಿದರು. ನಾವು ಬಿಡುವ ಗಾಳಿಯಲ್ಲೂ ಇನ್ನೊಂದು ಜೀವಕ್ಕೆ ಸಾಕಾಗುವಷ್ಟು ಆಮ್ಲಜನಕ ಉಳಿದಿರುತ್ತದೆ, ನೂರಕ್ಕೆ ಸುಮಾರು 16 ಭಾಗ. ಸೂಲಗಿತ್ತಿಯರ ಉಪಾಯಕ್ಕೆ ವಿಜ್ಞಾನದ ಮೊಹರು ಬಿತ್ತು.

ಉಸಿರಿನ ಮಾತಾಯಿತು. ನಿಂತ ಎದೆಬಡಿತಕ್ಕೆ ಏನು ಮಾಡುವುದು? ಆಗ ಇದ್ದದ್ದು ಒಂದೇ ದಾರಿ. ಎದೆಗೂಡನ್ನು ಕೊಯ್ದು, ಒಳಗೆ ಕೈ ಹಾಕಿ, ಹೃದಯವನ್ನು ಹಿಡಿದು ಹಿಸುಕುವುದು. ಅದು ಶಸ್ತ್ರವೈದ್ಯರ ಕೆಲಸ, ಆಸ್ಪತ್ರೆಯ ಒಳಗಿನ ಮಾತು. ಜರ್ಮನಿಯ ಫ್ರೆಡ್ರಿಕ್ ಮಾಸ್ ಎಂಬ ವೈದ್ಯರು 1891ರಲ್ಲೇ ಎದೆಯನ್ನು ಹೊರಗಿನಿಂದ ಒತ್ತಿ ರೋಗಿಗಳನ್ನು ಉಳಿಸಿ, ಮರುವರ್ಷ ಅದನ್ನು ಬರೆದರೂ ಲೋಕ ಅದನ್ನು ಮರೆತಿತ್ತು.

ಅದೇ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ವಿದ್ಯುತ್ ಎಂಜಿನಿಯರ್ ಇದ್ದರು. ಕರೆಂಟು ಹೊಡೆದು ಸಾಯುವ ಲೈನ್‌ಮನ್‌ಗಳನ್ನು ಹೇಗೆ ಉಳಿಸುವುದು ಎಂಬುದು ಅವರ ಬಹುಕಾಲದ ಚಿಂತೆ. ಕೆಟ್ಟ ಲಯಕ್ಕೆ ಸಿಕ್ಕ ಹೃದಯವನ್ನು ವಿದ್ಯುತ್ತಿನಿಂದಲೇ ಸರಿಪಡಿಸುವ ಯಂತ್ರವನ್ನು ನಾಯಿಗಳ ಮೇಲೆ ಪರೀಕ್ಷಿಸುತ್ತಿದ್ದರು. 1958ರಲ್ಲಿ ಅವರ ಶಿಷ್ಯ ಗೈ ನಿಕರ್‌ಬಾಕರ್ ಒಂದು ಸಂಗತಿ ಗಮನಿಸಿದರು. ಯಂತ್ರದ ಭಾರವಾದ ಹಿಡಿಗಳನ್ನು ನಾಯಿಯ ಎದೆಗೆ ಒತ್ತಿದೊಡನೆ, ಕರೆಂಟು ಹರಿಸುವ ಮುನ್ನವೇ, ಅದರ ರಕ್ತದೊತ್ತಡ ಸ್ವಲ್ಪ ಏರುತ್ತಿತ್ತು! ಹಾಗಾದರೆ ಬರಿಯ ಒತ್ತಡದಿಂದಲೇ ರಕ್ತ ಹರಿಯುತ್ತದೆ. ಜೇಮ್ಸ್ ಜೂಡ್ ಎಂಬ ಶಸ್ತ್ರವೈದ್ಯರು ಜೊತೆಗೂಡಿದರು. ಎಲ್ಲಿ ಒತ್ತಬೇಕು, ಎಷ್ಟು, ಎಷ್ಟು ವೇಗವಾಗಿ ಎಂದು ಮೂವರೂ ಲೆಕ್ಕ ಹಾಕಿದರು.

1959ರ ಜುಲೈನಲ್ಲಿ ಅದೇ ಆಸ್ಪತ್ರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ಬಂದ ಹೆಂಗಸೊಬ್ಬಳ ಹೃದಯ ಅರಿವಳಿಕೆ ಕೊಡುವಾಗ ನಿಂತುಬಿಟ್ಟಿತು. ಜೂಡ್ ಎದೆ ಕೊಯ್ಯಲಿಲ್ಲ, ಕೈಯಿಂದ ಒತ್ತಿದರು. ಬಡಿತ ಮರಳಿತು. ಮರುವರ್ಷ ಮೂವರೂ ಪ್ರಕಟಿಸಿದ ಲೇಖನದಲ್ಲಿ 20 ರೋಗಿಗಳ ವಿವರವಿತ್ತು, 14 ಮಂದಿ ಬದುಕಿದ್ದರು. ಯಾರು ಬೇಕಾದರೂ, ಎಲ್ಲಿ ಬೇಕಾದರೂ ಇದನ್ನು ಮಾಡಬಹುದು, ಎರಡು ಕೈಗಳಿದ್ದರೆ ಸಾಕು ಎಂಬುದು ಆ ಲೇಖನದ ಸಾರ. ಎಂಜಿನಿಯರಾಗಿದ್ದ ಕೌವೆನ್‌ಹೋವನ್‌ರಿಗೆ 1969ರಲ್ಲಿ ಆ ಸಂಸ್ಥೆ ವೈದ್ಯರ ಗೌರವ ಪದವಿ ಕೊಟ್ಟಿತು.

ಇನ್ನು ಜನರಿಗೆ ಕಲಿಸಬೇಕಲ್ಲ! ಅದಕ್ಕೆ ಒದಗಿದವರು ನಾರ್ವೆಯ ಬೊಂಬೆ ತಯಾರಕ ಆಸ್ಮಂಡ್ ಲೇರ್ಡಾಲ್. ಅವರ ಎರಡು ವರ್ಷದ ಮಗ ನೀರಿನಲ್ಲಿ ಮುಳುಗಿ ಹೇಗೋ ಉಳಿದಿದ್ದ. ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಸಿಕ್ಕ ಅನಾಮಿಕ ಹುಡುಗಿಯದೆಂದು ಜನ ಹೇಳುತ್ತಿದ್ದ ಒಂದು ಮುಖದ ಅಚ್ಚು ಆಗ ಯುರೋಪಿನ ಮನೆಗಳ ಗೋಡೆಯ ಮೇಲೆ ತೂಗುತ್ತಿತ್ತು. ಲೇರ್ಡಾಲ್ 1960ರಲ್ಲಿ ಮಾಡಿದ ತರಬೇತಿಯ ಬೊಂಬೆಗೆ ಆ ಶಾಂತ ಮುಖವನ್ನೇ ಇಟ್ಟು 'ಆ್ಯನ್' ಎಂದು ಹೆಸರಿಟ್ಟರು. ಯಾರೂ ಕೈ ಕೊಡದೆ ಮುಳುಗಿದಳೆನ್ನುವ ಹುಡುಗಿ ಕೋಟ್ಯಂತರ ಜನರಿಗೆ ಜೀವ ಉಳಿಸುವುದನ್ನು ಕಲಿಸಿದಳು. ಸಫರ್ ಅವರ ಪಾಲಿಗೆ ಮಾತ್ರ ವಿಧಿ ಕರುಣೆ ತೋರಲಿಲ್ಲ. 1966ರಲ್ಲಿ ಅವರ ಮಗಳು ಆಸ್ತಮಾದಿಂದ ತೀರಿಕೊಂಡಳು. ಆಸ್ಪತ್ರೆ ತಲುಪುವ ಮುಂಚಿನ ನಿಮಿಷಗಳ ಆರೈಕೆಗಾಗಿ ಅವರು ಆಮೇಲೆ ಬಾಳೆಲ್ಲ ದುಡಿದರು.

ಈ ಚರಿತ್ರೆಯಲ್ಲಿ ನಮ್ಮನ್ನು ಚುಚ್ಚುವ ಒಂದು ಸಂಗತಿ ಇದೆ. ಮೊದಲು ಬದುಕಿದವಳೂ ಹೆಂಗಸು, ಬೊಂಬೆಯ ಮುಖವೂ ಹೆಣ್ಣಿನದು. ಆದರೂ 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಬೀದಿಯಲ್ಲಿ ಕುಸಿದ ಗಂಡಸರಲ್ಲಿ ನೂರಕ್ಕೆ 45 ಮಂದಿಗೆ ಹತ್ತಿರದವರ ಕೈ ಒದಗಿದರೆ, ಹೆಂಗಸರಲ್ಲಿ ಒದಗಿದ್ದು 39 ಮಂದಿಗೆ. ಪರಸ್ತ್ರೀಯ ಎದೆ ಮುಟ್ಟುವುದು ಹೇಗೆ ಎಂಬ ಸಂಕೋಚ ಅಲ್ಲೇ ಹೀಗಿದ್ದರೆ, ನಮ್ಮ ಬಸ್ ಸ್ಟ್ಯಾಂಡಿನಲ್ಲೋ ಮದುವೆ ಛತ್ರದಲ್ಲೋ ಹೇಗಿದ್ದೀತು? ಅಲ್ಲಿ ಮೊದಲು ಮಂಡಿಯೂರಬೇಕಾದವರು ನಾವೇ. ಇನ್ನೂ ಒಂದು ಮಾತು: ಅಮೆರಿಕದ ಲೆಕ್ಕದಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಲ್ಲುವ ಹತ್ತು ಘಟನೆಗಳಲ್ಲಿ ಏಳು ನಡೆಯುವುದು ಮನೆಯಲ್ಲಿ. ಹಗಲು ಹೊತ್ತು ಮನೆಯಲ್ಲಿ ಇರುವವರು ಯಾರು?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ರ ವಯಸ್ಸಿಗೇ ಹೋದಾಗ ನಾಡೆಲ್ಲ ಕಂಗೆಟ್ಟಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಪರೀಕ್ಷೆ ಮಾಡಿಸಿಕೊಂಡದ್ದು ಒಳ್ಳೆಯದೇ. ಅದರ ಜೊತೆಗೆ ಕೈಗಳಿಗೂ ಪಾಠ ಬೇಕು. ಹೃದಯಾಘಾತವೆಂದರೆ ನೀರಿನ ಪೈಪು ಕಟ್ಟಿಕೊಂಡಂತೆ, ಹೃದಯ ಸ್ತಂಭನವೆಂದರೆ ಮೋಟಾರೇ ನಿಂತಂತೆ. ಮೋಟಾರು ನಿಂತು ನಾಲ್ಕೈದು ನಿಮಿಷವಾದರೆ ಮಿದುಳು ಕೆಡತೊಡಗುತ್ತದೆ. ಕೈಕಟ್ಟಿ ಕುಳಿತ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ.

ಭಾರತದ ಅರಿವಳಿಕೆ ವೈದ್ಯರು 2017ರಲ್ಲಿ ಸಾಮಾನ್ಯ ಜನರಿಗಾಗಿ, ಬಾಯಿಗೆ ಊದುವ ಗೊಡವೆಯಿಲ್ಲದೆ ಎದೆ ಒತ್ತುವುದನ್ನಷ್ಟೇ ಹೇಳುವ ಕ್ರಮವನ್ನು ಪ್ರಕಟಿಸಿದರು. ಬಿದ್ದವರ ಭುಜ ತಟ್ಟಿ ಕೂಗಿ. ಮಾತಿಲ್ಲ, ಉಸಿರಿಲ್ಲ, ಅಥವಾ ಬರಿಯ ಮೇಲುಸಿರು ಎಂದರೆ 108ಕ್ಕೆ ಫೋನು ಮಾಡಲು ಹೇಳಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡಿ. ಮಂಚದ ಮೇಲಿದ್ದರೆ ಗಟ್ಟಿ ನೆಲಕ್ಕೆ ಇಳಿಸಿ. ನೀರು ಬಿಡಬೇಡಿ, ಈರುಳ್ಳಿ ಮೂಸಿಸುತ್ತ ಹೊತ್ತು ಕಳೆಯಬೇಡಿ. ಪಕ್ಕದಲ್ಲಿ ಮಂಡಿಯೂರಿ, ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ ಮೈಭಾರ ಹಾಕಿ ಒತ್ತಿ. ದೊಡ್ಡವರಿಗೆ ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ದಣಿದರೆ ಇನ್ನೊಬ್ಬರ ಕೈಗೆ ಒಪ್ಪಿಸಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಪಕ್ಕೆಲುಬು ಮುರಿದೀತು, ಮುರಿದದ್ದು ಕೂಡಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿದವರಿಗೆ ಮತ್ತು ಪುಟ್ಟ ಮಕ್ಕಳಿಗೆ ಮಾತ್ರ ಉಸಿರೂ ಬೇಕು, ಅದನ್ನು ತರಬೇತಿಯಲ್ಲೇ ಕಲಿಯಬೇಕು.

ಇದನ್ನು ಓದಿದರೆ ಸಾಲದು, ಬೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು. ನಾರ್ವೆಯ ಶಾಲೆಗಳು 1961ರಿಂದಲೇ ಮಕ್ಕಳಿಗೆ ಕಲಿಸುತ್ತಿವೆ. ಡೆನ್ಮಾರ್ಕ್ 2005ರಲ್ಲಿ ಕಡ್ಡಾಯ ಮಾಡಿತು. ನಮ್ಮೂರಿನ ಮಹಿಳಾ ಸಮಾಜಗಳಲ್ಲಿ ರಂಗೋಲಿ ಸ್ಪರ್ಧೆಗೆ, ಅಡುಗೆ ಸ್ಪರ್ಧೆಗೆ ಒಂದೊಂದು ಮಧ್ಯಾಹ್ನ ಇದ್ದೇ ಇರುತ್ತದೆ. ಇನ್ನೊಂದು ಮಧ್ಯಾಹ್ನ ಊರಿನ ವೈದ್ಯರನ್ನೋ ನರ್ಸಮ್ಮನನ್ನೋ ಕರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಮಖಾನೆಯ ಮೇಲೆ ಮಂಡಿಯೂರಿದರಾಯಿತು. ಹೆಣ್ಣೊಬ್ಬಳು ಕಲಿತರೆ ಶಾಲೆಯೊಂದು ತೆರೆದಂತೆ ಎಂಬ ಗಾದೆಯನ್ನು ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಹಿಟ್ಟು ನಾದಿ ಬಟ್ಟೆ ಹಿಂಡಿ ಬಲಿತ ಕೈಗಳಿಗೆ ಈ ವಿದ್ಯೆ ಬಹಳ ಬೇಗ ಹತ್ತುತ್ತದೆ.